ಬೋರ್‌ವೆಲ್ ಲೇಥ್ ಅಂಗಡಿಯಲ್ಲಿ ಹಾಯಿದೋಣಿಯ ಚುಕ್ಕಾಣಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಈ ಲೇಥ್ ಅಂಗಡಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕೆಲಸವನ್ನಷ್ಟೇ ನೋಡಿದರೆ ಐದೂ ಸಲ್ಲುತ್ತದೆ. ಒಂದನ್ನು ಕಳೆದದ್ದು ಅವರ ಮಾತಿಗೆ: "ಗುರುವಾರ ಬನ್ನಿ" ಎನ್ನುತ್ತಾರೆ, ಯಾವ ಗುರುವಾರ ಎಂದು ಹೇಳುವುದಿಲ್ಲ. ಅಂಗಡಿಗೆ ಬೋರ್ಡು ಇಲ್ಲ. ತಗಡಿನ ಶೆಡ್ಡಿನ ಮುಂದೆ ಬಿಚ್ಚಿ ಹಾಕಿದ ಸಬ್‌ಮರ್ಸಿಬಲ್ ಪಂಪುಗಳ ರಾಶಿ, ಅದರ ಪಕ್ಕದಲ್ಲಿ ಅಡಿಕೆ ಸುಲಿಯುವ ಯಂತ್ರದ ರೋಲರುಗಳು, ಒಳಗೆ ಹಳೆಯ ಎಚ್‌ಎಂಟಿ ಲೇಥ್. ಅಂಥ ಅಂಗಡಿಗಳು ಆ ಸಾಲಿನಲ್ಲಿ ಇನ್ನೂ ಇವೆಯಾದರೂ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟುಕೊಂಡಿರುವ ಅಂಗಡಿ ಇದೊಂದೇ.

ನಾನು ಅಲ್ಲಿಗೆ ಒಯ್ದದ್ದು ಪಂಪನ್ನಲ್ಲ, ಹಾಯಿದೋಣಿಯ ಚುಕ್ಕಾಣಿಯ ದಂಡವನ್ನು.

ಗೋವಾದಲ್ಲಿ ನೌಕರಿಯಲ್ಲಿರುವ ಭಾವಮೈದುನನೂ ನಾನೂ ಸೇರಿ ಮೂವತ್ತು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದೇವೆ. ಈ ಸುದ್ದಿ ತಿಳಿದವರು ತುಮಕೂರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ಅಮಾನಿಕೆರೆಯಲ್ಲಿ ಬಿಡುತ್ತೀರಾ? ಹೇಮಾವತಿ ನೀರು ಬಂದರೆ ನೋಡೋಣ ಎನ್ನುತ್ತೇನೆ. ದೋಣಿ ಇದ್ದದ್ದು ಮಾಂಡೋವಿ ನದಿಯ ದಡದ ಒಂದು ಯಾರ್ಡಿನಲ್ಲಿ. ಮಳೆಗಾಲ ಮುಗಿದ ಮೇಲೆ ಅದನ್ನು ಕೊಚ್ಚಿಗೆ ಒಯ್ಯಬೇಕಿತ್ತು. ಪಣಜಿಯಿಂದ ಕೊಚ್ಚಿ ನೇರ ಗೆರೆಯಲ್ಲಿ ಅಳೆದರೂ ಸುಮಾರು 360 ನಾಟಿಕಲ್ ಮೈಲಿ. ರಾತ್ರಿ ಮೀನುಬಲೆಗಳಿಗೆ ಸಿಕ್ಕದಿರಲು ದಡದಿಂದ ದೂರ ಸರಿದೇ ಹೋಗಬೇಕು. ಅಷ್ಟು ದೂರದಲ್ಲಿ ಎಂಜಿನ್ ನಿಂತರೆ ಹಾಯಿ ಬಿಚ್ಚಬಹುದು, ಹಾಯಿ ಹರಿದರೆ ಎಂಜಿನ್ ಹಾಕಬಹುದು. ಚುಕ್ಕಾಣಿ ಹೋದರೆ ಎರಡೂ ಇದ್ದು ಪ್ರಯೋಜನವಿಲ್ಲ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆಗೆ ಹೊರಟಿದ್ದ ಐಎನ್‌ಎಸ್‌ವಿ ತಾರಿಣಿ ಕೂಡ 2018ರ ಏಪ್ರಿಲ್‌ನಲ್ಲಿ ಸ್ಟೀರಿಂಗ್ ಕೆಟ್ಟು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ತಂಗಬೇಕಾಯಿತು. ಅದು ಗೋವಾದಲ್ಲೇ ಕಟ್ಟಿದ, 2017ರಲ್ಲಷ್ಟೇ ಸೇವೆಗೆ ಸೇರಿದ ದೋಣಿ. ನಮ್ಮದು 1980ರ ದಶಕದ್ದು.

ಕೊಳ್ಳುವ ಮೊದಲು ಹಣ ಕೊಟ್ಟು ಒಬ್ಬ ಸರ್ವೇಯರರಿಂದ ತಪಾಸಣೆ ಮಾಡಿಸಿದ್ದೆವು. ಅವರ ವರದಿ ಅಂದವಾಗಿತ್ತು, ಬಣ್ಣದ ಚಿತ್ರಗಳಿದ್ದವು. "ಚುಕ್ಕಾಣಿ: ತೃಪ್ತಿಕರ" ಎಂಬ ಸಾಲೂ ಇತ್ತು. ಚಿತ್ರಗಳಲ್ಲೆಲ್ಲ ದೋಣಿ ನೀರಿನಲ್ಲೇ ತೇಲುತ್ತಿತ್ತು. ತೇಲುತ್ತಿರುವ ದೋಣಿಯ ಚುಕ್ಕಾಣಿಯನ್ನು ನೋಡಿ ತೃಪ್ತಿಪಡುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು. ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ನಿವೃತ್ತಿಯವರೆಗೂ ಕುಳಿತವನು ನಾನು. ಅಳತೆಯಿಲ್ಲದ "ತೃಪ್ತಿಕರ"ದ ಮೇಲೆ ನನಗೆ ಎಂದೂ ನಂಬಿಕೆಯಿಲ್ಲ. ದೋಣಿಯನ್ನು ದಡಕ್ಕೆ ಎತ್ತಿಸಿದೆವು.

ನೆಲದ ಮೇಲೆ ನಿಂತ ದೋಣಿಯ ಚುಕ್ಕಾಣಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಬೇಕು. ನಮ್ಮದು ತುದಿಯಲ್ಲಿ ಏಳೆಂಟು ಮಿಲಿಮೀಟರ್ ಅಲುಗಿತು. ಅಷ್ಟೂ ಬುಷ್ಷಿನ, ಅಂದರೆ ದಂಡ ತಿರುಗಲು ಕೂರಿಸಿದ ಟೊಳ್ಳು ತುಂಡಿನ, ಸವೆತವೇ ಎಂದಲ್ಲ. ಕೆಳಗಿನ ಬುಷ್ಷಿನಿಂದ ತುದಿಗೆ ಇರುವ ದೂರ ಎರಡು ಬುಷ್ಷುಗಳ ನಡುವಿನ ದೂರದ ಎರಡರಷ್ಟಿದ್ದುದರಿಂದ ಸಣ್ಣ ಸವೆತವೂ ಕೆಳಗೆ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಕೆಳಗಿನ ಬುಷ್ ಸುಮಾರು ಎರಡು ಮಿಲಿಮೀಟರ್, ಮೇಲಿನದು ಅರ್ಧ ಮಿಲಿಮೀಟರ್ ಸಡಿಲ.

ಮುಂದಿನದು ತಿರುಚುವ ಪರೀಕ್ಷೆ. ಒಳಗೆ ಭಾವಮೈದುನ ಟಿಲ್ಲರನ್ನು, ಅಂದರೆ ದಂಡದ ಮೇಲ್ತುದಿಗೆ ಸಿಕ್ಕಿಸಿ ಚುಕ್ಕಾಣಿ ತಿರುಗಿಸುವ ಹಿಡಿಯನ್ನು, ಕದಲದಂತೆ ಹಿಡಿದ, ಹೊರಗೆ ನಾನು ನೀರಿನಲ್ಲಿರುವ ಚುಕ್ಕಾಣಿಯ ಹಲಗೆಯನ್ನು ತಿರುಗಿಸಲು ನೋಡಿದೆ. ಹಲಗೆ ಸ್ವಲ್ಪ ತಿರುಗಿತು, ದಂಡ ತಿರುಗಲಿಲ್ಲ. ಚಿಂತೆ ಹುಟ್ಟಿಸಿದ್ದು ಅದು. ಇಂಥ ಚುಕ್ಕಾಣಿಯ ಒಳಗೆ ಸ್ಟೇನ್‌ಲೆಸ್ ದಂಡ, ದಂಡಕ್ಕೆ ವೆಲ್ಡ್ ಮಾಡಿದ ಅಗಲ ಪಟ್ಟಿಗಳು, ಸುತ್ತಲೂ ಫೋಮ್, ಹೊರಗೆ ಎರಡು ಫೈಬರ್ ಚಿಪ್ಪುಗಳು. ಪಟ್ಟಿಯ ವೆಲ್ಡ್ ಬಿಟ್ಟರೆ ದಂಡ ತಿರುಗಿದರೂ ಹಲಗೆಗೆ ಸುದ್ದಿ ಮುಟ್ಟುವುದಿಲ್ಲ.

ಕೊನೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ನೋಡಿದೆ. ಒಳಗೆ ಕೊಬ್ಬರಿಯಾಗಿದೆಯೇ ಎಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವ ಜಿಲ್ಲೆಯವನಿಗೆ ಈ ಪರೀಕ್ಷೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲುಭಾಗ ಟಣ್ ಎಂದಿತು, ಕೆಳಗಿನ ಅರ್ಧ ಮಂಕಾಗಿ ದಬ್ ಎಂದಿತು. ತಳದಲ್ಲಿ ಸಣ್ಣ ತೂತು ಕೊರೆದ ಕೂಡಲೇ ಕಂದು ನೀರು ಸುರಿಯತೊಡಗಿತು. ಬಿಳಿ ನೀರು ಬಂದಿದ್ದರೆ ಫೋಮ್ ನೆನೆದಿದೆ ಎಂದಷ್ಟೇ ಅರ್ಥ. ಕಂದು ಬಂದರೆ ಒಳಗೆ ಉಕ್ಕು ಕರಗುತ್ತಿದೆ ಎಂದರ್ಥ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ ಎಂಬುದು ಅಡುಗೆಮನೆಯ ನಂಬಿಕೆ. ಅದನ್ನು ಕಾಯುವುದು ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ, ಆ ಪದರ ಮತ್ತೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಒದ್ದೆ ಫೋಮಿನಲ್ಲಿ ಕೊಳೆತು ನಿಂತ ಉಪ್ಪುನೀರಿನಲ್ಲಿ ಆಮ್ಲಜನಕವೆಲ್ಲಿ ಸಿಗಬೇಕು?

ಚುಕ್ಕಾಣಿ ಇಳಿಸಲು ದೋಣಿಯ ಕೆಳಗೆ ಗುಂಡಿ ತೋಡಿಸಿದೆವು. ದಂಡ ಕೆಳಮುಖವಾಗಿಯೇ ಹೊರಗೆ ಬರಬೇಕು, ಅದಕ್ಕೆ ಜಾಗ ಬೇಕು. ಯಾರ್ಡಿನ ಫೈಬರ್ ಕೆಲಸಗಾರರು ಒಂದು ಬದಿಯ ಚಿಪ್ಪು ಬಿಡಿಸಿ ನೆನೆದ ಫೋಮನ್ನು ಕೆರೆದು ತೆಗೆದರು. ಉಳಿದದ್ದು ಅಸ್ಥಿಪಂಜರ: ನಲವತ್ತು ಮಿಲಿಮೀಟರ್ ದಪ್ಪದ ದಂಡ, ಅದಕ್ಕೆ ಅಂಟಿಕೊಂಡ ಮೂರು ಪಟ್ಟಿಗಳು. ಮಧ್ಯದ ಪಟ್ಟಿಯ ವೆಲ್ಡ್ ಉದ್ದಕ್ಕೂ ಬಿರಿದಿತ್ತು. ಗೋವಾದಲ್ಲೇ ರಿಪೇರಿ ಮಾಡಿಸಬಹುದಿತ್ತು. ಆದರೆ ಋತುವಿಗೆ ಮೊದಲು ಅಲ್ಲಿನ ಮೆಷಿನ್ ಶಾಪುಗಳೆಲ್ಲ ಟ್ರಾಲರುಗಳ ಪ್ರೊಪೆಲರ್ ಶಾಫ್ಟುಗಳಲ್ಲಿ ಮುಳುಗಿದ್ದವು. ಹಾಗಾಗಿ ಅಸ್ಥಿಪಂಜರವನ್ನು ಗೋಣಿಯಲ್ಲಿ ಸುತ್ತಿ ಹುಬ್ಬಳ್ಳಿ, ಚಿತ್ರದುರ್ಗ, ಶಿರಾ ಹಾದಿಯಲ್ಲಿ ತುಮಕೂರಿಗೆ ತಂದೆ. ಬಸ್ಸಿನ ಕ್ಲೀನರ್ ಇದು ಗುಬ್ಬಿ ಹತ್ತಿರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವ ಸಾಮಾನು ಎಂದೇ ನಂಬಿದ. ನಾನು ತಿದ್ದಲಿಲ್ಲ, ಅದರಿಂದ ದಂಡವನ್ನು ಮೆಲ್ಲಗೆ ಇಳಿಸಿದ.

ಈಗ ಅಂಗಡಿಯ ವಿಷಯ. ಹಿರಿಯ ಟರ್ನರ್ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚುವ ಮೊದಲು ಅಲ್ಲಿನ ಟೂಲ್ ರೂಮಿನಲ್ಲಿದ್ದವರು. ದೋಣಿಯನ್ನು ಹತ್ತಿರದಿಂದ ನೋಡಿಲ್ಲ, ಸಮುದ್ರವನ್ನು ಗೋಕರ್ಣದಲ್ಲಿ ನೋಡಿದ್ದಾರೆ. ನಾನು ದಂಡವನ್ನು ಮೇಜಿನ ಮೇಲಿಟ್ಟು ಹಳೆಯ ಬುಷ್ಷನ್ನು ಕೊಟ್ಟು ಇಂಥದ್ದೇ ಒಂದು ಬೇಕು ಎಂದೆ. ಅವರು ಬುಷ್ಷನ್ನು ಬೆಳಕಿಗೆ ಹಿಡಿದು ಒಳಗೆ ಉಗುರಿನಿಂದ ಕೆರೆದು ಕೇಳಿದ ಮೊದಲ ಪ್ರಶ್ನೆ: "ಇದು ನೀರಿನಲ್ಲೇ ಇರುತ್ತದೆಯೇ?" ಹೌದು ಎಂದೆ. "ಹಾಗಾದರೆ ಇಂಥದ್ದೇ ಬೇಡ" ಎಂದರು.

ಆ ಬುಷ್ ನೈಲಾನಿನದು. ಅದರೊಳಗೆ ಅಡ್ಡಾದಿಡ್ಡಿ ಅರದ ಗೆರೆಗಳಿದ್ದವು. ಅವನ್ನು ನೋಡಿಯೇ ಅವರು ದೋಣಿಯ ಚರಿತ್ರೆ ಹೇಳಿಬಿಟ್ಟರು: ನೈಲಾನ್ ನೀರು ಕುಡಿದು ಊದಿದೆ, ದಂಡ ಬಿಗಿಯಾಗಿದೆ, ಯಾರೋ ಬುಷ್ಷನ್ನು ಹೊರಗೆ ತೆಗೆದು ಕೈಯಲ್ಲಿ ಅರ ಹಾಕಿದ್ದಾರೆ, ಅದು ಮೊಟ್ಟೆಯಾಕಾರಕ್ಕೆ ಬಂದು ಸಡಿಲವಾಗಿದೆ. ಸರ್ವೇಯರರ ಬಣ್ಣದ ವರದಿಯಲ್ಲಿ ಇಲ್ಲದ್ದು ಇದಿಷ್ಟೂ. ಪುಸ್ತಕದ ಲೆಕ್ಕವೂ ಅವರ ಮಾತಿಗೆ ಸರಿಹೊಂದುತ್ತದೆ. ನೈಲಾನ್ ತನ್ನ ತೂಕದ ಶೇಕಡಾ ಎಂಟೊಂಬತ್ತರಷ್ಟು ನೀರನ್ನು ಹೀರಬಲ್ಲದು, ಡೆಲ್ರಿನ್ ಎಂದು ಕರೆಯುವ ಅಸಿಟಾಲ್ ಪ್ಲಾಸ್ಟಿಕ್ ಹೀರುವುದು ಶೇಕಡಾ ಒಂದರ ಆಸುಪಾಸು.

ಇದೆಲ್ಲ ಅವರಿಗೆ ಹೇಗೆ ಗೊತ್ತು ಎಂದು ಆಶ್ಚರ್ಯಪಡಬೇಕಾಗಿಲ್ಲ. ಈ ಜಿಲ್ಲೆಯಲ್ಲಿ ನೀರು ಸಾವಿರ ಅಡಿ ಕೆಳಗಿದೆ. ಅದನ್ನು ಮೇಲೆತ್ತುವ ಪಂಪಿನ ಬುಷ್ಷುಗಳು ಇಡೀ ಆಯುಷ್ಯವನ್ನು ನೀರಿನಲ್ಲೇ ಕಳೆಯುತ್ತವೆ. ಗ್ರೀಸ್ ಇಲ್ಲ, ಎಣ್ಣೆ ಇಲ್ಲ. ನೀರೇ ಅವಕ್ಕೆ ಎಣ್ಣೆ, ಅದರಲ್ಲಿ ಬರುವ ಮರಳೇ ಅರ. ಕರಾವಳಿಯ ಮೆಷಿನ್ ಶಾಪಿನವರಿಗೆ ಅಲೆ, ಉಪ್ಪು, ಹಡಗು ಎಲ್ಲವೂ ಗೊತ್ತಿರಬಹುದು. ಆದರೆ ನೀರಿನೊಳಗೆ ತಿರುಗುವ ಸಣ್ಣ ಬುಷ್ಷಿಗೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ಟರ್ನರುಗಳಿಗಿರುವಷ್ಟು ಅಭ್ಯಾಸ ಬೇರೆಯವರಿಗೆ ಇರಲಾರದು ಎಂಬುದು ನನ್ನ ತೀರ್ಮಾನ. ಈ ವಿಮರ್ಶೆ ಬರೆಯಲು ಅದೇ ಕಾರಣ.

ಅವರು ದಂಡದ ಮೇಲೆ ಕೈ ಹಾಕಿದ ಕ್ರಮವೂ ನನಗೆ ಹಿಡಿಸಿತು. ಮೊದಲು ಇದು 304 ಸ್ಟೀಲೋ 316 ಸ್ಟೀಲೋ ಎಂದು ತಿಳಿಯಬೇಕಿತ್ತು. ಆಯಸ್ಕಾಂತ ಇದನ್ನು ಹೇಳುವುದಿಲ್ಲ. 316ರಲ್ಲಿ ಶೇಕಡಾ ಎರಡು ಮೂರರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪುನೀರಿನಲ್ಲಿ ಹೆಚ್ಚು ಬಾಳುವುದು ಅದರಿಂದಲೇ. ಗುಜರಿ ವ್ಯಾಪಾರಿಗಳು ಬಳಸುವ ಮಾಲಿಬ್ಡಿನಂ ದ್ರಾವಣದ ಹನಿ ಹಾಕಿ ನೋಡಿದರು. 316 ಎಂದು ಖಚಿತವಾಯಿತು. ಆಮೇಲೆ ಡೈ ಪೆನೆಟ್ರಂಟ್: ಕೆಂಪು ದ್ರವ ಸಿಂಪಡಿಸಿ, ಕಾದು, ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೇಲೆದ್ದು ಬರುತ್ತದೆ. ಮಧ್ಯದ ಪಟ್ಟಿಯ ಬಿರುಕು ಕಣ್ಣಿಗೇ ಕಾಣುತ್ತಿತ್ತು. ನನಗೆ ಬೇಕಾಗಿದ್ದದ್ದು ದಂಡ ಹಲಗೆಯೊಳಗೆ ಹೊಕ್ಕುವ ಜಾಗ. ಚುಕ್ಕಾಣಿಯ ಮೇಲೆ ನೀರಿನ ಒತ್ತಡ ಬಿದ್ದಾಗ ದಂಡ ಅತಿ ಹೆಚ್ಚು ಬಾಗಲು ನೋಡುವುದು ಕೆಳಬುಷ್ಷಿನ ಹತ್ತಿರ. ನೀರು ಒಳನುಗ್ಗುವ ಸಂದು ಇರುವುದೂ ಅಲ್ಲೇ. ಅಲ್ಲಿ ಸಣ್ಣ ಸಣ್ಣ ಕುಳಿಗಳಿದ್ದವು, ಆದರೆ ಕೆಂಪು ಚುಕ್ಕೆಗಳಷ್ಟೇ ಮೂಡಿದವು, ಗೆರೆ ಮೂಡಲಿಲ್ಲ.

ದಂಡದ ಸವೆದ ಭಾಗವನ್ನು ಲೇಥಿಗೆ ಹಾಕಿ ಒಂದು ಕಟ್ ತೆಗೆದು ದುಂಡಗೆ ಮಾಡಿಕೊಡಿ, ಕುಳಿಗಳೂ ಹೋಗುತ್ತವೆ ಎಂದು ಭಾವಮೈದುನ ಫೋನಿನಲ್ಲಿ ಸಲಹೆ ಕೊಟ್ಟ. ಟರ್ನರ್ ಒಪ್ಪಲಿಲ್ಲ. "ಸವೆದದ್ದು ಬುಷ್, ಅದಕ್ಕೆ ದಂಡವನ್ನು ಯಾಕೆ ತೆಳ್ಳಗೆ ಮಾಡುತ್ತೀರಿ?" ಎಂದರು. ದುಂಡು ದಂಡದ ಬಾಗುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ನಲವತ್ತರಿಂದ ಮೂವತ್ತೆಂಟಕ್ಕೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಬಲ ಮಾತ್ರ ಶೇಕಡಾ ಹದಿನಾಲ್ಕು ಕಡಿಮೆಯಾಗುತ್ತದೆ. ಕುಳಿಗಳ ಅಂಚನ್ನು ಎಮರಿ ಕಾಗದದಿಂದ ನಯಗೊಳಿಸಿ ದಂಡವನ್ನು ಇದ್ದಂತೆಯೇ ಬಿಟ್ಟರು.

ವೆಲ್ಡಿಂಗ್ ಮಾಡಿದ್ದು ಅವರ ಮಗ. ಆರ್ಗಾನ್ ವೆಲ್ಡಿಂಗ್, 316ಎಲ್ ತಂತಿ. ಹಳೆಯ ವೆಲ್ಡನ್ನು ಪೂರ್ತಿ ಉಜ್ಜಿ ತೆಗೆದು, ಬಿಳಿ ಲೋಹ ಕಾಣುವವರೆಗೆ ಸ್ವಚ್ಛಗೊಳಿಸಿ, ಒಮ್ಮೆಲೇ ಉದ್ದಕ್ಕೆ ಎಳೆಯದೆ ತುಂಡು ತುಂಡಾಗಿ, ಎರಡೂ ಬದಿಗೆ ಸರದಿಯಲ್ಲಿ ಹಾಕಿದ. ಆಮೇಲೆ ದಂಡವನ್ನು ಸೆಂಟರುಗಳ ನಡುವೆ ಕೂರಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿದರು. ಶಾಖಕ್ಕೆ ದಂಡ ಸೊಟ್ಟಗಾಗಿದ್ದರೆ ಎಷ್ಟು ಒಳ್ಳೆಯ ಬುಷ್ ಹಾಕಿದರೂ ವ್ಯರ್ಥ. ಮುಳ್ಳು ಹೆಚ್ಚು ಕದಲಲಿಲ್ಲ.

ಬುಷ್ ಕೆಲಸವನ್ನು ನಾನು ಕುಳಿತು ನೋಡಿದೆ, ಏಕೆಂದರೆ ನನ್ನ ವೃತ್ತಿಜೀವನದಲ್ಲಿ ಪ್ಲಾಸ್ಟಿಕ್ ಬುಷ್ಷನ್ನು ಅವಸರದಲ್ಲಿ ಕೆಡಿಸಿದವರೇ ಹೆಚ್ಚು. ಹೊಸ ಬುಷ್ಷಿಗೆ ಬೇಕಾದ ಡೆಲ್ರಿನ್ ಸರಳನ್ನು ನಾನೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದುಕೊಟ್ಟಿದ್ದೆ. ಅವರು ಮೊದಲು ಒರಟಾಗಿ ಕಡೆದು ರಾತ್ರಿಯಿಡೀ ಹಾಗೇ ಬಿಟ್ಟರು. ಕಡೆಯುವಾಗ ಬಿಸಿಯಾಗಿ ಹಿಗ್ಗಿದ್ದು, ಒಳಗಿನ ಬಿಗುವಿನಿಂದ ಸೊಟ್ಟಗಾಗುವುದು, ಎಲ್ಲವೂ ಅಷ್ಟರಲ್ಲಿ ಆಗಿಹೋಗಲಿ ಎಂದು. ಉಷ್ಣತೆ ಏರಿದರೆ ಡೆಲ್ರಿನ್ ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಬಿಸಿಯಿದ್ದಾಗ ತೆಗೆದ ಅಳತೆ ತಣ್ಣಗಾದ ಮೇಲೆ ಸುಳ್ಳಾಗುತ್ತದೆ.

ದಂಡ ಹಾದುಹೋಗುವ ದೋಣಿಯ ಕೊಳವೆಯೊಳಗೆ ಬುಷ್ಷನ್ನು ಒತ್ತಿ ಕೂರಿಸಿದಾಗ ಅದು ಅಮುಕಿಕೊಂಡು ಒಳರಂಧ್ರವೂ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ ಎಂದು ಹೇಗೆ ತಿಳಿಯುವುದು, ಕೊಳವೆ ಗೋವಾದಲ್ಲಿದೆಯಲ್ಲ? ಅವರು ನಾನು ಬರೆದುಕೊಂಡು ಬಂದಿದ್ದ ಕೊಳವೆಯ ಒಳವ್ಯಾಸಕ್ಕೆ ಸರಿಯಾಗಿ ಒಂದು ಉಕ್ಕಿನ ಬಳೆ ಕಡೆದರು. ಬುಷ್ಷನ್ನು ಅದರೊಳಗೆ ಒತ್ತಿ, ಒತ್ತಿದ ಸ್ಥಿತಿಯಲ್ಲೇ ಒಳರಂಧ್ರವನ್ನು ಕೊನೆಯ ಅಳತೆಗೆ ತಂದರು. ದಂಡ ಆ ಜಾಗದಲ್ಲಿ ಅತಿ ದಪ್ಪವಿದ್ದ ಕಡೆ 39.86 ಮಿಲಿಮೀಟರ್, ರಂಧ್ರ 40.06. ಎರಡು ಹತ್ತಾಂಶ ಜಾಗ. ನಾನು ನನ್ನದೇ ಮೈಕ್ರೋಮೀಟರಿನಲ್ಲಿ ತಿರುಗಿ ಅಳೆದೆ, ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಳೆಯನ್ನೂ ಕೊಟ್ಟು ಕಳಿಸಿದರು. ಅದಕ್ಕೆ ಹಣ ಹಾಕಿರಲಿಲ್ಲ.

ಬುಷ್ಷಿನ ಒಳಗೆ ಎರಡು ಉದ್ದ ತೋಡು ತೆಗೆಯುವುದು ಅವರದೇ ಯೋಚನೆ. ಪಂಪಿನ ರಬ್ಬರ್ ಬುಷ್ಷಿನಲ್ಲಿ ಮರಳು ಹೊರಗೆ ಜಾರಲು ಹೀಗೆ ತೋಡುಗಳಿರುತ್ತವೆ, ನದಿಯ ಬಾಯಲ್ಲಿ ಮರಳಿಲ್ಲವೇ ಎಂದರು. ಇದ್ದೇ ಇದೆ. ಭಾರ ಬೀಳುವುದು ಎಡಬಲಕ್ಕೆ, ಆದ್ದರಿಂದ ತೋಡುಗಳು ಮುಂದೆ ಹಿಂದೆ ಇರಲಿ ಎಂದು ನಾನು ಹೇಳಿದೆ. ಬುಷ್ಷಿನ ಅಂಚಿನಲ್ಲಿ ಗುರುತು ಹಾಕಿಕೊಟ್ಟರು.

ಇವಲ್ಲದೆ ಟಿಲ್ಲರ್ ಕೂರುವ ಕಡೆ ಅದು ದಂಡದ ಮೇಲೆ ಜಾರದಂತೆ ತಡೆಯುವ, ಸವೆದಿದ್ದ ಕೀ ಎಂಬ ಸಣ್ಣ ಲೋಹದ ತುಂಡನ್ನು ಸ್ಟೇನ್‌ಲೆಸ್‌ನಲ್ಲಿ ಹೊಸದಾಗಿ ಮಾಡಿದರು, ದಪ್ಪ ಪೈಪಿನಲ್ಲಿ ಒಂದು ಮೀಸಲು ಟಿಲ್ಲರ್ ಮಾಡಿದರು. ದೂರಸಾಗರದ ಪಂದ್ಯಗಳಿಗೆ ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮಗಳು ತುರ್ತು ಟಿಲ್ಲರನ್ನು ಕೇಳುತ್ತವೆ. ಮುರಿಯಲಾರದ ಲೋಹದ ಟಿಲ್ಲರ್ ಇದ್ದವರಿಗಷ್ಟೇ ವಿನಾಯಿತಿ. ನಮ್ಮದು ಮರದ್ದು. ನಾವು ಪಂದ್ಯಕ್ಕೆ ಹೋಗುವವರಲ್ಲ, ಆದರೆ ಮರಕ್ಕೆ ಅದು ಗೊತ್ತಿರುವುದಿಲ್ಲ.

ಇನ್ನು ದೂರುಗಳು. ಕಾಯಿಸುವುದು. ಆ ವರ್ಷದ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು, ತೋಟ ಒಣಗುತ್ತಿರುವ ರೈತರು ಪಂಪು ಹೊತ್ತು ಬಂದಾಗಲೆಲ್ಲ ನನ್ನ ದಂಡ ಗೋಡೆಗೆ ಒರಗಿತು. ಕೊರಟಗೆರೆಯ ಕಡೆಯ ರೈತರೊಬ್ಬರು ಅದನ್ನು ನೋಡಿ ಇದು ಯಾವ ಕಂಪನಿಯ ಪಂಪು ಎಂದು ಕೇಳಿದರು. ಅಡಿಕೆ ತೋಟಕ್ಕಿಂತ ದೋಣಿ ಮುಂದಾಗಬೇಕೆಂದು ವಾದಿಸುವಷ್ಟು ಮುಖ ನನಗಿಲ್ಲ, ಆದರೆ ಫೋನ್ ಎತ್ತಿ "ಇವತ್ತು ಆಗುವುದಿಲ್ಲ" ಎನ್ನಬಹುದಿತ್ತು. ಇನ್ನೊಂದು, ಬಿಲ್ಲು. ಮೊದಲು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟರು. ದೋಣಿಯ ವಿಮೆಗೆ ರಿಪೇರಿಯ ದಾಖಲೆ ಬೇಕು ಎಂದು ಒತ್ತಾಯಿಸಿದ ಮೇಲೆ ಸರಿಯಾದ ಬಿಲ್ಲು ಬಂತು. ಅದರಲ್ಲಿ "ಪಂಪ್ ಶಾಫ್ಟ್ ರಿಪೇರಿ" ಎಂದಿತ್ತು, ತಿದ್ದಿಸಬೇಕಾಯಿತು. ಡೆಲ್ರಿನ್ ಬಿಟ್ಟು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಗೋವಾದ ಒಂದು ಕಡೆ ಬುಷ್ಷೊಂದಕ್ಕೇ ಅದಕ್ಕಿಂತ ಹೆಚ್ಚು ಕೇಳಿದ್ದರು.

ಫೈಬರ್ ಕೆಲಸ ಅವರಲ್ಲಿಲ್ಲ, ಕೇಳಬೇಡಿ. ಕಂಚಿನ ಎರಕವನ್ನೂ ಮಾಡುವುದಿಲ್ಲ. ಶನಿವಾರ ಮಧ್ಯಾಹ್ನ ವಾರದ ಕೂಲಿ ಹಂಚುವ ಹೊತ್ತು, ಆಗ ಹೋದರೆ ನಿಮ್ಮ ಮಾತು ಯಾರ ಕಿವಿಗೂ ಬೀಳದು. ಬೆಳಿಗ್ಗೆ ಹೋಗಿ, ಅಳತೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಕೊಳವೆಯ ಒಳವ್ಯಾಸವನ್ನು ಒಂದೇ ಕಡೆ ಅಳೆಯದೆ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದಿರಲಿ. ಹಿರಿಯರು ಮೊದಲು ಕೇಳುವುದು ಅದನ್ನೇ.

ಗೋವಾದಲ್ಲಿ ದಂಡದ ಸುತ್ತ ಹೊಸ ಫೋಮ್ ತುಂಬಿ, ಎಪಾಕ್ಸಿ ಹಾಕಿ ಚಿಪ್ಪು ಮುಚ್ಚಿದರು. ಹಲಗೆಯ ಹಿಂಬದಿಯ ಅಂಚಿನಲ್ಲಿ, ಮೇಲ್ಗಡೆ, ಒಂದು ತೂತು ಮಾಡಿಸಿ ಅಂಚಿಗೆ ಎಪಾಕ್ಸಿ ಬಳಿಸಿದೆವು. ಟಿಲ್ಲರಿನ ಕಡೆ ಏನಾದರೂ ಮುರಿದರೆ ಆ ತೂತಿಗೆ ಹಗ್ಗ ಕಟ್ಟಿ ಎರಡೂ ಬದಿಯಿಂದ ಎಳೆದು ದೋಣಿಯನ್ನು ತಿರುಗಿಸಬಹುದು. ಬುಷ್ ಕೊಳವೆಯೊಳಗೆ ಮರದ ಸುತ್ತಿಗೆಯ ಹೊಡೆತಕ್ಕೆ ನೇರವಾಗಿ ಇಳಿಯಿತು. ದಂಡ ತನ್ನ ಭಾರಕ್ಕೆ ತಾನೇ ತಿರುಗುವಷ್ಟು ಸಲೀಸು, ತುದಿ ಹಿಡಿದು ಅಲ್ಲಾಡಿಸಿದರೆ ಎರಡು ಮಿಲಿಮೀಟರಿಗಿಂತ ಕಡಿಮೆ. ಉಳಿದ ಆ ಅಲುಗಾಟ ಮೇಲಿನ ಕಂಚಿನ ಬುಷ್ಷಿನದು, ಅದನ್ನು ಈ ಸಲ ಮುಟ್ಟಲಿಲ್ಲ.

ಕೊಚ್ಚಿಗೆ ತಲುಪಿದೆವು. ದಾರಿಯಲ್ಲಿ ಮಧ್ಯಾಹ್ನದ ವಾಯವ್ಯ ಗಾಳಿ ಚೆನ್ನಾಗಿ ಬೀಸಿದಾಗ ಟಿಲ್ಲರಿನಲ್ಲಿ ಮೊದಲಿದ್ದ ಟಕ್ ಟಕ್ ಶಬ್ದ ಇರಲಿಲ್ಲ. ನೀರಿಗೆ ಬಿಟ್ಟ ಮೇಲೆ ಬಿಗಿಯಾಗುತ್ತದೆಯೇ ಎಂದು ದಿನಾ ಬೆಳಿಗ್ಗೆ ಟಿಲ್ಲರನ್ನು ಒಂದೇ ಬೆರಳಿನಿಂದ ತಳ್ಳಿ ನೋಡುತ್ತಿದ್ದೆ, ಬಿಗಿಯಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ದೋಣಿ ಎತ್ತಿಸಿದಾಗ ಮೇಲಿನ ಬುಷ್ಷನ್ನು ತೆಗೆದು ಅದೇ ಅಂಗಡಿಗೆ ಒಯ್ಯುವವನಿದ್ದೇನೆ. ಜೂನ್ ತಿಂಗಳಲ್ಲೇ ಕೊಟ್ಟುಬಿಡುತ್ತೇನೆ, ಬಿಲ್ಲಿನಲ್ಲಿ ಏನು ಬರೆಯಬೇಕೆಂದು ಚೀಟಿಯನ್ನೂ ಜೊತೆಗಿಟ್ಟು.